ಹಿಲ್ಸ್‌ಬರೋದಿಂದ ಹೋದ ಒಂದು ಬ್ರಿಟಿಷ್ ವೋಟು

ನನಗೆ ಅಭಿಪ್ರಾಯಗಳು ಕಡಿಮೆ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ಇರುವ ಸಂಗತಿ ಹೀಗೆ. ಸೀರೆ ಅಂಗಡಿಯವನು ಎರಡು ಸೀರೆ ಬಿಡಿಸಿ ಹಾಕಿ ಯಾವುದು ಅಂತ ಕೇಳಿದರೆ ನಾನು ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿನ ಮುಖ ನೋಡುತ್ತೇನೆ. ಟೀವಿಯಲ್ಲಿ ಇಬ್ಬರು ವಾದಕ್ಕೆ ಕೂತರೆ ಮೊದಲು ಮಾತಾಡಿದವರು ಹೇಳಿದ್ದು ಸರಿಯೆನ್ನಿಸುತ್ತದೆ. ಎರಡನೆಯವರು ಮಾತಾಡಿದ ಮೇಲೆ ಅದೂ ಸರಿಯೆನ್ನಿಸುತ್ತದೆ. ನಡುವೆ ಕೂತ ನಿರೂಪಕಿ ಇಬ್ಬರನ್ನೂ ಗದರಿಸಿದರೆ, ಪಾಪ, ಅವಳೂ ಸರಿಯೇ. ನಮ್ಮಪ್ಪ ಮೈಸೂರಿನಲ್ಲಿದ್ದಾಗಲೇ ಇದನ್ನು ಕಂಡುಹಿಡಿದು, 'ಇವಳು ಅಡ್ಡಗೋಡೆಯ ಮೇಲೆ ದೀಪ ಇಡುವವಳಲ್ಲ, ಇವಳೇ ಅಡ್ಡಗೋಡೆ' ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಇಂಥ ನನ್ನ ಕೈಗೆ ಐವತ್ತಾರನೆಯ ವಯಸ್ಸಿನಲ್ಲಿ, ನ್ಯೂಜೆರ್ಸಿಯ ಹಿಲ್ಸ್‌ಬರೋದಲ್ಲಿ ಕೂತಿದ್ದಾಗ, ಬ್ರಿಟಿಷ್ ಸಾಮ್ರಾಜ್ಯದ, ಅಂದರೆ ಅದರಲ್ಲಿ ಈಗ ಉಳಿದಿರುವಷ್ಟರ, ಒಂದು ವೋಟು ಬಂದು ಬಿತ್ತು.

ಅದು ಬಂದ ಬಗೆಯನ್ನು ಹೇಳಬೇಕು. ಮದುವೆಯಾದ ಮೇಲೆ ನಾನು, ನನ್ನ ಗಂಡ ರಘು ಇಂಗ್ಲೆಂಡಿನಲ್ಲಿ ಹತ್ತು ವರ್ಷ ಇದ್ದೆವು, ಕೊನೆಯ ಮೂರು ವರ್ಷ ಅದರ ನಡುಭಾಗದ ಒಂದು ಸಣ್ಣ ಊರಿನಲ್ಲಿ. ಅಲ್ಲಿ ನಾನು ಬ್ರಿಟಿಷ್ ಪೌರತ್ವ ತೆಗೆದುಕೊಂಡೆ. ರಘು ಮಾತ್ರ ಭಾರತದ ಪಾಸ್‌ಪೋರ್ಟನ್ನು ಬಿಡಲಿಲ್ಲ. ಆಮೇಲೆ ಅವರ ಕಂಪೆನಿ ಅವರನ್ನು ಇಲ್ಲಿಗೆ ಕಳಿಸಿ ಹದಿನೆಂಟು ವರ್ಷವಾಯಿತು. ಹದಿನೈದು ವರ್ಷ ಹೊರಗಿದ್ದವರಿಗೆ ಅಲ್ಲಿ ವೋಟು ಇಲ್ಲ ಎಂಬ ನಿಯಮವಿತ್ತು. ಈಚೆಗೆ ಅದನ್ನು ತೆಗೆದುಹಾಕಿದರು. ಈ ಸುದ್ದಿ ತಂದವಳು ನಸ್ರೀನ್. ಅವಳೂ ಮೈಸೂರಿನವಳು, ಅಲ್ಲಿಂದಲೇ ನನ್ನ ಗೆಳತಿ, ಇಲ್ಲಿಗೆ ಬರುವ ಮುಂಚೆ ಬರ್ಮಿಂಗ್‌ಹ್ಯಾಮಿನಲ್ಲಿದ್ದವಳು, ನನ್ನಂತೆಯೇ ಬ್ರಿಟಿಷ್ ಪಾಸ್‌ಪೋರ್ಟಿನವಳು. ನನ್ನಲ್ಲಿಲ್ಲದ ಅಭಿಪ್ರಾಯಗಳನ್ನೆಲ್ಲ ದೇವರು ಅವಳಿಗೇ ಕೊಟ್ಟಿದ್ದಾನೆ. ಒಂದು ಭಾನುವಾರ ಬಂದು, ನನ್ನ ಲ್ಯಾಪ್‌ಟಾಪಿನಲ್ಲೇ ನನ್ನ ಹೆಸರು ನೋಂದಾಯಿಸಿ, ಅಂಚೆ ಮತಪತ್ರ ಸಮುದ್ರ ದಾಟಿ ಬಂದು ವಾಪಸು ಹೋಗುವಷ್ಟರಲ್ಲಿ ಚುನಾವಣೆ ಮುಗಿದಿರುತ್ತದೆಂದು, ಅಲ್ಲಿಯ ಕಾನೂನು ಒಪ್ಪುವಂತೆ ನನ್ನ ಬದಲು ಹೋಗಿ ವೋಟು ಹಾಕುವವರ ಹೆಸರನ್ನೂ ಕೇಳಿದಳು. ನಾನು ಮೌರೀನ್ ಅಂದೆ. ಮೌರೀನ್ ಆ ಊರಿನಲ್ಲಿ ನಮಗಿದ್ದ ಆಪ್ತರಲ್ಲೇ ಆಪ್ತೆ, ಈಗ ಎಂಬತ್ತರ ಹತ್ತಿರದ ಅಜ್ಜಿ. ನಸ್ರೀನ್ ತನ್ನ ಬದಲಿಗೆ ಬರ್ಮಿಂಗ್‌ಹ್ಯಾಮಿನಲ್ಲಿರುವ ತನ್ನ ಅಣ್ಣನ ಹೆಸರು ಕೊಟ್ಟಿದ್ದಳು.

ನಾನು ಅಲ್ಲಿಯವರೆಗೆ ಎಲ್ಲೂ ವೋಟು ಹಾಕಿದವಳಲ್ಲ. ಮೈಸೂರಿನಲ್ಲಿ ಮೊದಲ ಸಲ ಹೋದಾಗ ಮತದಾರರ ಪಟ್ಟಿಯಲ್ಲಿ ವೀಣಾ ಎಂಬ ನನ್ನ ಹೆಸರು 'ವೀಣಪ್ಪ, ಪುರುಷ' ಎಂದಿತ್ತು. ಅಧಿಕಾರಿ ಒಮ್ಮೆ ಪಟ್ಟಿಯನ್ನು, ಒಮ್ಮೆ ನನ್ನ ಜಡೆಯನ್ನು ನೋಡಿ ಕೈಮುಗಿದರು. ಇಂಗ್ಲೆಂಡಿನಲ್ಲಿ ಮಗಳು ಕಾವ್ಯಾಗೆ ಸೀತಾಳೆ ಎದ್ದ ದಿನವೇ ಚುನಾವಣೆ ಬಂತು. ಇಲ್ಲಿ ಗ್ರೀನ್ ಕಾರ್ಡು, ಹಾಗಾಗಿ ವೋಟಿಲ್ಲ. ಆದ್ದರಿಂದ ಇದು ನನ್ನ ಜೀವನದ ಮೊದಲ ವೋಟು. ಇದನ್ನು ಸರಿಯಾಗಿ ಹಾಕಬೇಕೆಂಬ ಆಸೆ ನಿಜಕ್ಕೂ ಇತ್ತು. ಹೇಗೆ ಎಂಬುದಷ್ಟೇ ಗೊತ್ತಿರಲಿಲ್ಲ.

ನನಗೆ ವೋಟಿದೆ, ಅಭಿಪ್ರಾಯವಿಲ್ಲ ಎಂಬ ಸುದ್ದಿ ಹರಡಿದ್ದೇ ತಡ, ಅಭಿಪ್ರಾಯವಿದ್ದೂ ವೋಟಿಲ್ಲದವರೆಲ್ಲ ನಮ್ಮ ಮನೆಯ ಕಡೆ ತಿರುಗಿದರು. ಅವರಲ್ಲಿ ಮೊದಲಿಗರು ನನ್ನ ಗಂಡನೇ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನನ್ನನ್ನು ಕೂರಿಸಿಕೊಂಡು, ಕಾಫಿ ಅವರೇ ಮಾಡಿ ಕೊಟ್ಟು, 'ನೋಡು, ನಿನ್ನಿಷ್ಟ, ನಾನೇನೂ ಬಲವಂತ ಮಾಡಲ್ಲ' ಎಂದು ಒಂದು ಗಂಟೆ ಬಲವಂತ ಮಾಡಿದ್ದು ಅದೇ ಮೊದಲು. ಅವರು ತೆರಿಗೆಯ ಪಕ್ಷಪಾತಿ, ಅಂದರೆ ತೆರಿಗೆ ಕಡಿಮೆಯಾಗಬೇಕು ಎನ್ನುವವರು. ತಾವು ಅಲ್ಲಿ ಹದಿನೆಂಟು ವರ್ಷದಿಂದ ತೆರಿಗೆ ಕಟ್ಟುತ್ತಿಲ್ಲ ಎಂಬುದು ಅವರಿಗೆ ಅಡ್ಡಿಯಾಗಲಿಲ್ಲ. ಅಲ್ಲಿ ಆಗ ಆಳುತ್ತಿದ್ದ ನೀಲಿ ಪಕ್ಷಕ್ಕೇ ಹಾಕಬೇಕು ಎಂದರು. ನನಗೆ ಸರಿಯೆನ್ನಿಸಿತು.

ಮರುದಿನ ನಸ್ರೀನ್ ಬಂದಳು. ಅವಳ ಅಣ್ಣನ ಮಂಡಿಯ ಆಪರೇಶನ್ನಿಗೆ ಸರಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಎರಡು ಚಳಿಗಾಲ ಕಳೆದಿತ್ತು. ಅಣ್ಣನ ಮಗಳು ಮದುವೆಯಾಗಿ, ಗಂಡನನ್ನು ಮೈಸೂರಿನಿಂದ ಕರೆಸಿಕೊಳ್ಳಲು ಬೇಕಾದಷ್ಟು ಸಂಬಳವಿಲ್ಲವೆಂದು ವೀಸಾ ಸಿಗದೆ, ವಿಡಿಯೋ ಕಾಲಿನಲ್ಲೇ ಸಂಸಾರ ಮಾಡುತ್ತಿದ್ದಳು. ಇದನ್ನು ಹೇಳುವಾಗ ನಸ್ರೀನಳ ದನಿ ಬದಲಾಗುತ್ತಿತ್ತು. "ಇದು ನಮಗೆ ಟೈಮ್‌ಪಾಸ್ ಅಲ್ಲ ವೀಣಾ, ನಮ್ಮಣ್ಣ ಮೆಟ್ಟಿಲ ಮೇಲೆ ಕೂತ್ಕೊಂಡೇ ಮಹಡಿಗೆ ಹೋಗ್ತಾನೆ" ಎಂದಳು. ಕೆಂಪು ಪಕ್ಷಕ್ಕೆ ಹಾಕಿದರೆ ಇದೆಲ್ಲ ಸರಿಹೋಗುತ್ತದೆಂಬುದು ಅವಳ ನಂಬಿಕೆ. ನನಗೆ ಕಣ್ಣಲ್ಲಿ ನೀರು ಬಂತು. ಇದೇ ಸರಿ ಎಂದುಕೊಂಡೆ. ಸಂಜೆ ರಘು ಬಂದು, ಇಷ್ಟು ವರ್ಷದಲ್ಲಿ ಯಾವ ಪಕ್ಷ ಯಾರ ಮಂಡಿ ಸರಿಮಾಡಿದೆ ಅಂತ ಕೇಳಿದರು. ಅದೂ ಸರಿಯೇ.

ಜೂನ್ ತಿಂಗಳ ಒಂದು ಶನಿವಾರ ಎಲ್ಲರೂ ನಮ್ಮ ಮನೆಯ ಹಿಂದಿನ ಮರದ ಜಗಲಿಯಲ್ಲಿ, ಇಲ್ಲಿಯವರ ಡೆಕ್ಕಿನಲ್ಲಿ, ಊಟಕ್ಕೆ ಸೇರಿದ್ದಾಗ ಗೊಂದಲ ಪೂರ್ತಿಯಾಯಿತು. ಪಕ್ಕದ ಬೀದಿಯ ಕುಲಕರ್ಣಿ ಅಂಕಲ್ ಬಂದಿದ್ದರು. ಧಾರವಾಡದವರು, ಮೂವತ್ತು ವರ್ಷದಿಂದ ಅಮೆರಿಕದ ಪೌರರು, ಇಲ್ಲಿ ಪ್ರತಿ ಚುನಾವಣೆಯಲ್ಲೂ ತಪ್ಪದೆ ವೋಟು ಹಾಕುವವರು. ಅವರು ಬಿಸಿಬೇಳೆಬಾತಿಗೆ ತುಪ್ಪ ಹಾಕಿಕೊಳ್ಳುತ್ತ, "ಕೆಂಪಿನವ್ರಿಗೇ ಹಾಕವಾ ವೀಣಾ, ಅವ್ರು ಬಂದ್ರ ಟ್ಯಾಕ್ಸ್ ಕಡಿಮಿ ಆಗ್ತದ" ಎಂದರು. ರಘು ತಟ್ಟೆ ಕೆಳಗಿಟ್ಟರು. ಕೆಂಪಿನವರು ತೆರಿಗೆ ಇಳಿಸಿದ್ದು ಯಾವ ಕಾಲದಲ್ಲಿ ಎಂದು ಕೇಳಿದರು. ಅಂಕಲ್ ಮೂವತ್ತು ವರ್ಷದ ಉದಾಹರಣೆ ಕೊಟ್ಟರು. ನೀಲಿಯವರು ಬಡವರ ಪಕ್ಷ, ಕೆಂಪಿನವರು ವ್ಯಾಪಾರಸ್ಥರ ಪಕ್ಷ ಎಂದು ಅವರು ಬಿಡಿಸಿ ಹೇಳುತ್ತಿದ್ದರೆ, ತನ್ನ ಪಕ್ಷವನ್ನು ವ್ಯಾಪಾರಸ್ಥರಿಗೆ ಒಪ್ಪಿಸಿದರೆಂದು ನಸ್ರೀನ್ ಕೆರಳಿದಳು. ಮುಕ್ಕಾಲು ಗಂಟೆ ಮೂವರೂ ವಾದ ಮಾಡಿದರು. ನಾನು ಹಪ್ಪಳ ಕರಿಯಲು ಒಳಗೆ ಹೋದೆ, ಬಂದೆ, ಮತ್ತೆ ಹೋದೆ. ಪ್ರತಿ ಸಲ ಬಂದಾಗಲೂ ಒಂದೊಂದು ಬಣ್ಣ ಸರಿಯಾಗಿ ಕಾಣುತ್ತಿತ್ತು.

ಕೊನೆಗೆ ಫೋನಿನಿಂದ ತಲೆಯೆತ್ತಿದವಳು ಕಾವ್ಯಾ. ಕಾಲೇಜು ಮುಗಿಸಿ ಮನೆಗೆ ಬಂದಿದ್ದ ಅವಳಿಗೂ ಬ್ರಿಟಿಷ್ ವೋಟಿಗೆ ಅರ್ಜಿ ಹಾಕಬಹುದಿತ್ತು. 'ಐ ಡೋಂಟ್ ಲಿವ್ ದೇರ್, ಅಮ್ಮಾ' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು. ಈಗ ಅವಳು, "ಡ್ಯಾಡ್, ಅಂಕಲ್, ಯು ಆರ್ ಸೇಯಿಂಗ್ ದ ಸೇಮ್ ಥಿಂಗ್" ಎಂದಳು. ಅಮೆರಿಕದಲ್ಲಿ ಕೆಂಪು ಯಾವ ಕಡೆಯೋ ಬ್ರಿಟನ್ನಿನಲ್ಲಿ ನೀಲಿ ಆ ಕಡೆ, ಇಲ್ಲಿಯ ನೀಲಿ ಅಲ್ಲಿ ಕೆಂಪು ಎಂದು ವಿವರಿಸಿದಳು. ಮುಕ್ಕಾಲು ಗಂಟೆ ಹೊಡೆದಾಡಿದ್ದು ತಮ್ಮದೇ ಅಭಿಪ್ರಾಯದ ಜೊತೆ ಎಂದು ತಿಳಿದಾಗ ರಘುವಿಗೂ ಅಂಕಲ್‌ಗೂ ಸಂತೋಷವಾಗಬೇಕಿತ್ತು. ಇಬ್ಬರ ಮುಖವೂ ಬಾಡಿತು. ಆಮೇಲೆ ಆ ಪಕ್ಷದ ನಾಯಕ ಸಮರ್ಥನೋ ಅಲ್ಲವೋ ಎಂದು ಶುರುಮಾಡಿಕೊಂಡ ಮೇಲೆಯೇ ಇಬ್ಬರಿಗೂ ಕಳೆ ಬಂದದ್ದು.

ಅವರಿಗೆ ಸ್ಪಷ್ಟವಾಯಿತು, ನನಗೆ ಇದ್ದದ್ದೂ ಹೋಯಿತು. ಮರುವಾರ ಮೌರೀನ್‌ಗೆ ಫೋನ್ ಮಾಡಿ ಆಸ್ಪತ್ರೆ, ಮಂಡಿ, ವೀಸಾ, ವಿಡಿಯೋ ಕಾಲಿನ ಸಂಸಾರ ಎಲ್ಲ ಹೇಳಿ, 'ಆದ್ದರಿಂದ ನೀಲಿ' ಎಂದೆ. ಮೌರೀನ್, ನೀನು ಕೊಟ್ಟ ಕಾರಣಗಳೆಲ್ಲ ಕೆಂಪಿಗೆ, ಬಣ್ಣ ಮಾತ್ರ ನೀಲಿ, ಯಾವುದನ್ನು ಬರೆದುಕೊಳ್ಳಲಿ ಎಂದು ಕೇಳಿದರು. ನೀವೇ ನೋಡಿ ಹಾಕಿಬಿಡಿ ಎಂದೆ. ಆಕೆ ಒಪ್ಪಲಿಲ್ಲ. ನಿನ್ನ ಮಗಳನ್ನು ನೋಡಿಕೊಂಡಿದ್ದೇನೆ, ನಿನ್ನ ಗಿಡಗಳಿಗೆ ನೀರು ಹಾಕಿದ್ದೇನೆ, ನಿನ್ನ ಬದಲು ಯೋಚನೆ ಮಾಡುವುದು ಮಾತ್ರ ನನ್ನಿಂದ ಆಗದು, ಎಂದರು. ಮನೆಗೆ ಬಂದ ಕರಪತ್ರಗಳ ಚಿತ್ರಗಳನ್ನೆಲ್ಲ ತೆಗೆದು ಕಳಿಸುತ್ತೇನೆ, ಓದಿ ಒಂದು ಹೆಸರು ಹೇಳು ಎಂದರು.

ಐದು ಕರಪತ್ರ ಬಂದವು. ನೀಲಿಯವರು ಈಗಾಗಲೇ ಇದ್ದ ಸಂಸದರು, ಹೆಲ್ಮೆಟ್ ಹಾಕಿಕೊಂಡು ಒಂದು ರಸ್ತೆಗುಂಡಿಯನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಕೆಂಪಿನಾಕೆ ಶಾಲಾ ಶಿಕ್ಷಕಿ, ಆಕೆಯೂ ಅದೇ ಗುಂಡಿಯನ್ನು ತೋರಿಸುತ್ತಿದ್ದಂತೆ ನನಗೆ ಕಂಡಿತು. ಹಳದಿ ಪಕ್ಷದವರು ದನದ ಡಾಕ್ಟರು, ಹಸಿರಿನವನು ವಿದ್ಯಾರ್ಥಿ. ಐದನೆಯದು ಬರೀ ಕಪ್ಪು-ಬಿಳುಪಿನ ಒಂದು ಹಾಳೆ. ನಿವೃತ್ತ ಬಸ್ ಡ್ರೈವರ್ ಒಬ್ಬರು ಪಕ್ಷೇತರರಾಗಿ ನಿಂತಿದ್ದರು. ಯುದ್ಧ, ತೆರಿಗೆ, ವಲಸೆ ಯಾವುದರ ಸೊಲ್ಲೂ ಅದರಲ್ಲಿಲ್ಲ. ಬಸ್ ಸ್ಟ್ಯಾಂಡಿನ ಸಾರ್ವಜನಿಕ ಶೌಚಾಲಯಕ್ಕೆ ಹಾಕಿದ ಬೀಗ ತೆಗೆಸುತ್ತೇನೆ, ಅಷ್ಟೇ. ನಾನು ಆ ಹಾಳೆಯನ್ನು ದೊಡ್ಡದು ಮಾಡಿ ಎರಡು ಸಲ ಓದಿದೆ. ಮನೆಯವರಿಗೆ ಏನೂ ಹೇಳಲಿಲ್ಲ.

ಚುನಾವಣೆಯ ದಿನ ಬಂತು. ಅದು ಅಮೆರಿಕದ ಸ್ವಾತಂತ್ರ್ಯ ದಿನ. ಬ್ರಿಟಿಷರಿಂದ ಬಿಡಿಸಿಕೊಂಡ ಸಂತೋಷಕ್ಕೆ ಇಡೀ ಹಿಲ್ಸ್‌ಬರೋ ಗ್ರಿಲ್ ಹಚ್ಚಿ ಮುಸುಕಿನ ಜೋಳ ಸುಡುತ್ತಿದ್ದರೆ, ನಾನೊಬ್ಬಳು ಬ್ರಿಟಿಷರನ್ನು ಯಾರು ಆಳಬೇಕೆಂದು ಒದ್ದಾಡುತ್ತಿದ್ದೆ. ಅಂಕಲ್, ನಸ್ರೀನ್ ಎಲ್ಲ ಮತ್ತೆ ನಮ್ಮ ಡೆಕ್ಕಿನಲ್ಲೇ. ಹನ್ನೊಂದು ಗಂಟೆಗೆ ಮೌರೀನ್ ಫೋನು. ಅಲ್ಲಿ ಸಂಜೆ ನಾಲ್ಕು. ಮತಗಟ್ಟೆಯ ಬಾಗಿಲಲ್ಲಿ, ಗುರುತಿಗೆ ಹಿರಿಯರ ಬಸ್ ಪಾಸ್ ಕೈಯಲ್ಲಿ ಹಿಡಿದು ನಿಂತಿದ್ದೇನೆ, ಹೆಸರು ಹೇಳು ಎಂದರು. ರಘು ನೀಲಿ ನ್ಯಾಪ್‌ಕಿನ್ ಎತ್ತಿ ತೋರಿಸಿದರು. ನಸ್ರೀನ್ ಕೆಂಪು ಕೆಚಪ್ ಬಾಟಲಿ ಎತ್ತಿದಳು. ಅಂಕಲ್ ಯಾವುದನ್ನು ಎತ್ತಬೇಕೆಂದು ತಿಳಿಯದೆ ಎರಡರ ಕಡೆಗೂ ಕೈಚಾಚಿ ಕೂತರು. ನಾನು ಫೋನು ಹಿಡಿದು ಲಾಂಡ್ರಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ಬೀಗದ ಕಥೆ ನನಗೆ ಚೆನ್ನಾಗಿ ಗೊತ್ತಿತ್ತು. ಆಗ ಕಾವ್ಯಾಗೆ ಎರಡು ವರ್ಷ. ಊರಿಗೆ ನಾವು ಹೊಸಬರು, ಯಾರ ಪರಿಚಯವೂ ಇಲ್ಲ. ಫೆಬ್ರವರಿಯ ಚಳಿಯಲ್ಲಿ ಆ ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಅವಸರವಾಯಿತು. ಶೌಚಾಲಯಕ್ಕೆ ಬೀಗ. ಅವಳು ಅಳುತ್ತಿದ್ದಳು, ನಾನೂ ಅಳುವುದರಲ್ಲಿದ್ದೆ. ಎದುರುಮನೆಯ ಬಾಗಿಲು ತೆರೆದು ಒಬ್ಬ ಹೆಂಗಸು, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ ಹಿಡಿದು ರಸ್ತೆ ದಾಟಿ ಬಂದು, ಏನೂ ಕೇಳದೆ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಅವರು ಮೌರೀನ್. ನನಗೆ ಆ ದೇಶ ನನ್ನದು ಅನ್ನಿಸಿದ್ದು ಪಾಸ್‌ಪೋರ್ಟು ಸಿಕ್ಕ ದಿನ ಅಲ್ಲ, ಅವತ್ತು.

"ಮೌರೀನ್, ಬಸ್ ಡ್ರೈವರಿಗೆ ಹಾಕಿ" ಎಂದೆ.

ಅವರು, ಖಚಿತವೇ ಎಂದು ಕೇಳಿದರು. ಖಚಿತ ಎಂದೆ. ಆ ಪದವನ್ನು ಅದಕ್ಕೆ ಮುಂಚೆ ಎಂದಾದರೂ ಅಷ್ಟು ಸಲೀಸಾಗಿ ಹೇಳಿದ್ದು ನನಗೇ ನೆನಪಿಲ್ಲ. ಲಾಂಡ್ರಿ ರೂಮಿನಿಂದ ಹೊರಗೆ ಬಂದಾಗ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಆಯಿತು ಎಂದೆ. ಏನಾಯಿತು ಎಂದು ಹೇಳುವ ಧೈರ್ಯ ಮಾತ್ರ ಲಾಂಡ್ರಿ ರೂಮಿನಲ್ಲೇ ಉಳಿದಿತ್ತು. ಜೋಳ ಸೀದುಹೋಗುತ್ತಿದೆ ಎಂದು ಗ್ರಿಲ್ಲಿನ ಕಡೆ ಓಡಿದೆ.

ಮರುದಿನ ಬೆಳಿಗ್ಗೆ ನೋಡಿದರೆ ನಮ್ಮ ಕ್ಷೇತ್ರದಲ್ಲಿ ಕೆಂಪಿನ ಶಿಕ್ಷಕಿ ದೊಡ್ಡ ಅಂತರದಲ್ಲಿ ಗೆದ್ದಿದ್ದರು. ಬಸ್ ಡ್ರೈವರರ ಹೆಸರು ಕಟ್ಟಕಡೆಯ ಸಾಲಿನಲ್ಲಿತ್ತು. ನಸ್ರೀನ್ ಒಂದು ಡಬ್ಬಿ ಶಾವಿಗೆ ಪಾಯಸ ತಂದು ನನ್ನನ್ನು ಅಪ್ಪಿಕೊಂಡು, ನೀನು ಕೈಬಿಡಲ್ಲ ಅಂತ ನನಗೆ ಗೊತ್ತಿತ್ತು ಎಂದಳು. ನಾನು ಪಾಯಸ ತಿಂದೆ. ಚೆನ್ನಾಗಿಯೇ ಇತ್ತು. ರಘು ಎರಡು ವಾರ ನನ್ನ ಜೊತೆ ಬಿಗಿಯಾಗಿದ್ದರು. ಬ್ರಿಟಿಷ್ ಸರಕಾರವನ್ನು ನಾನೇ ಬೀಳಿಸಿದ್ದೇನೆ ಎಂಬಂತೆ, ಟೀವಿಯಲ್ಲಿ ತೆರಿಗೆಯ ಮಾತು ಬಂದಾಗಲೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದರು. ನಾನು ಹಾಕದ ವೋಟಿಗೆ ಹೊಗಳಿಕೆ, ಬೈಗುಳ ಎರಡನ್ನೂ ಒಟ್ಟಿಗೆ ಅನುಭವಿಸಿದೆ.

ಆದರೆ ಪಾಯಸ ಒಳಗೆ ಚುಚ್ಚುತ್ತಲೇ ಇತ್ತು. ಒಂದು ಶನಿವಾರ ನಸ್ರೀನಳ ಕಾರಿನಲ್ಲಿ ಮೆಟುಚೆನ್ ಸ್ಟೇಶನ್ನಿಗೆ ಕಾವ್ಯಾಳನ್ನು ಬಿಟ್ಟು ವಾಪಸು ಬರುವಾಗ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಬಸ್ ಸ್ಟ್ಯಾಂಡು, ಬೀಗ, ಡ್ರೈವರು. ಅವಳು ಕಾರನ್ನು ನಿಧಾನ ಮಾಡಿ ಒಂದು ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ನಿಲ್ಲಿಸಿದಳು. ಮೂವತ್ತು ವರ್ಷದ ಗೆಳೆತನ ಇಲ್ಲಿಗೆ ಮುಗಿಯಿತು ಎಂದು ಸೀಟ್ ಬೆಲ್ಟ್ ಬಿಚ್ಚಿಕೊಳ್ಳಲು ತಯಾರಾದೆ. ಅವಳು ಸ್ಟೀರಿಂಗ್ ನೋಡುತ್ತ, "ನಂದು ಬಿದ್ದೇ ಇಲ್ಲ ಕಣೇ" ಎಂದಳು.

ಅವಳ ಅಣ್ಣ ಅವತ್ತು ಮತಗಟ್ಟೆಯವರೆಗೆ ಹೋಗಿದ್ದರಂತೆ. ಬಾಗಿಲಿನ ಮುಂದಿನ ಮೆಟ್ಟಿಲು ನೋಡಿ, ಬದಿಗೆ ಇಳಿಜಾರಿನ ದಾರಿಯಿದೆ ಎಂದು ಗೊತ್ತಾಗದೆ, ಯಾರನ್ನೂ ಕೇಳಲು ಸಂಕೋಚಪಟ್ಟುಕೊಂಡು, ಮಂಡಿ ಹಿಡಿದುಕೊಂಡೇ ಮನೆಗೆ ವಾಪಸು ಬಂದಿದ್ದರು. ಅವರ ವೋಟೂ ಹೋಯಿತು, ತಂಗಿಯದೂ ಹೋಯಿತು. ನಮ್ಮೆಲ್ಲರಿಗೂ ತಿಂಗಳುಗಟ್ಟಲೆ ಭಾಷಣ ಮಾಡಿದವಳು ಇದನ್ನು ಯಾವ ಬಾಯಿಂದ ಹೇಳಲಿ ಎಂದು ನಸ್ರೀನ್ ಮುಚ್ಚಿಟ್ಟಿದ್ದಳು. ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು, ನಡುವೆಯೇ ನಗು ಬಂತು. ನನಗೂ ಬಂತು. ಗಾಡಿಗೆ ಸಾಮಾನು ತುಂಬುತ್ತಿದ್ದ ಒಬ್ಬ ಅಮೆರಿಕನ್ ಅಜ್ಜ ನಮ್ಮಿಬ್ಬರನ್ನು ನೋಡಿ, ಎಲ್ಲ ಸರಿಯಿದೆಯಾ ಎಂದು ಸನ್ನೆ ಮಾಡಿ ಕೇಳಿದ.

ಕಣ್ಣೊರೆಸಿಕೊಂಡು ಕಾರು ಹೊರಡಿಸುವಾಗ ನಸ್ರೀನ್, "ಹೋಗ್ಲಿ, ಆ ಬೀಗ ತೆಗೆದ್ರಾ?" ಎಂದು ಕೇಳಿದಳು.

ಚುನಾವಣೆಯಾದ ಮೇಲೆ ಮೌರೀನ್ ಜೊತೆ ಮೂರು ಸಲ ಮಾತಾಡಿದ್ದೆ. ಅವರ ರಕ್ತದೊತ್ತಡ, ಅಲ್ಲಿಯ ಮಳೆ, ಕಾವ್ಯಾಳ ಕೆಲಸ ಎಲ್ಲ ಬಂದಿತ್ತು. ಬೀಗದ ವಿಷಯ ಮಾತ್ರ ಕೇಳಿರಲಿಲ್ಲ. ಗೆದ್ದ ಮೇಲೆ ಮರೆಯುವ ನಾಯಕರನ್ನು ಜನ ಬೈಯುವುದು ಕೇಳಿದ್ದೇನೆ. ನಾನು ಸೋತವರಿಗೆ ವೋಟು ಹಾಕಿ ಮರೆತಿದ್ದೆ.