ಇಲ್ಲದ ಸಿನಿಮಾದ ಅಣಕ

ವಾಹಿನಿಯ ನಿಯಮಾವಳಿಯ ಪ್ರಕಾರ ಯಾವುದೇ ಚಲನಚಿತ್ರವನ್ನು ಅಣಕಿಸುವ ಮುನ್ನ ಅದರ ನಿರ್ಮಾಪಕರ ಒಪ್ಪಿಗೆ ಪಡೆಯತಕ್ಕದ್ದು. ಇಂಥ ಒಪ್ಪಿಗೆ ಕೊಟ್ಟ ನಿರ್ಮಾಪಕರು ಈವರೆಗೆ ಯಾರೂ ಇಲ್ಲವಾದ್ದರಿಂದ ನಿಯಮವು ಅತ್ಯಂತ ಯಶಸ್ವಿಯಾಗಿ ಜಾರಿಯಲ್ಲಿತ್ತು.

ಪೇಚಿಗೆ ಸಿಕ್ಕಿದ್ದು 'ಕತ್ತೆ ಸಂಸಾರ'ದ ಬರಹಗಾರ್ತಿ. ಆ ಕಾರ್ಟೂನ್ ಹಾಸ್ಯ ಧಾರಾವಾಹಿಯಲ್ಲಿ ಕತ್ತೆಗಳ ಕುಟುಂಬವೊಂದು ವಾರಕ್ಕೊಂದು ಸಿನಿಮಾವನ್ನು ಅಣಕಿಸುತ್ತದೆಂದು ವಾಹಿನಿಯೇ ಜಾಹೀರಾತು ಕೊಟ್ಟಿತ್ತು. ಅಣಕಿಸಲೇಬೇಕು, ಅಣಕಿಸಕೂಡದು. ಅತ್ತ ದರಿ, ಇತ್ತ ಪುಲಿ. ಬರಹಗಾರ್ತಿ ತಲೆ ಕೆರೆದುಕೊಂಡು ಕೂತು, ಕೊನೆಗೆ ಯಾರೂ ತೆಗೆಯದ ಒಂದು ಸಿನಿಮಾವನ್ನು ಅಣಕಿಸಿದಳು. ಅದಕ್ಕೆ 'ದಂಡನಾಯಕನ ಅತ್ತೆ' ಎಂದು ಹೆಸರಿಟ್ಟಳು.

ಸುತ್ತಲ ರಾಜ್ಯಗಳನ್ನೆಲ್ಲ ಗೆದ್ದ ದಂಡನಾಯಕ ಕತ್ತೆ ಖಡ್ಗ ಝಳಪಿಸುತ್ತ ಮನೆಗೆ ಬಂದರೆ, ಬಾಗಿಲಲ್ಲೇ ಅಡ್ಡ ನಿಂತ ಅತ್ತೆ ಕತ್ತೆ ಹೇಳುತ್ತದೆ: "ಗೆದ್ದದ್ದು ಆಮೇಲೆ ಹೇಳುವಿಯಂತೆ, ಮೊದಲು ಕಾಲೊರೆಸು." ಆ ಮಾತು ಬರಹಗಾರ್ತಿಯ ಅಮ್ಮನ ಅಮ್ಮನದು. ಅಳಿಯನಿಗೆ ಬಡ್ತಿ ಸಿಕ್ಕಿದ ದಿನವೂ ಆ ಅಜ್ಜಿ ಅಂದದ್ದು ಅದನ್ನೇ.

ಅಮ್ಮ ಹೋದಮೇಲೆ ಅಪ್ಪ ಟೀವಿಯ ಮುಂದೆ ಕೂತರೂ ಗೋಡೆ ನೋಡಿದ ಹಾಗೆ ನೋಡುತ್ತಿದ್ದರು. ಆ ಕಂತು ಬಂದ ಸಂಜೆ ನಕ್ಕರು. ಕೆಮ್ಮು ಬರುವಷ್ಟು ನಕ್ಕರು.

"ನಿಮ್ಮಜ್ಜಿ ಕಣೇ ಅದು. ಅದೇ ಕುತ್ತಿಗೆ, ಅದೇ ಕೊಂಕು," ಅಂದರು. ಬರಹಗಾರ್ತಿ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಅದೇ ಕಂತಿನಲ್ಲಿ ರಣರಂಗದ ನಡುವೆ ದೊಡ್ಡ ಕುರ್ಚಿಯಲ್ಲಿ ಕೂತ ಕೋಣವೊಂದು, "ಇಷ್ಟೊಂದು ಸೈನಿಕರು ಯಾಕೆ? ಇರೋ ಒಬ್ಬನನ್ನೇ ಹತ್ತು ಸಲ ತೋರಿಸಿ" ಎಂದು ಹೇಳುತ್ತಿತ್ತು. ಇದು ಕಚೇರಿಯೊಳಗಿನ ತಮಾಷೆ. ವಾಹಿನಿಯ ಮುಖ್ಯಸ್ಥರು ಚಿತ್ರಗಾರರಿಗೆ ದಿನಾ ಹೇಳುವ ಮಾತೇ ಅದು. ಮರುದಿನ ಅವರು ಬರಹಗಾರ್ತಿಯನ್ನು ಕರೆಸಿದರು.

"ಆ ಕೋಣ ಯಾರಮ್ಮ?"

"ಯಾರೂ ಅಲ್ಲ ಸರ್."

"ಯಾರೂ ಅಲ್ಲ ಅಂದ್ರೆ ಹೇಗೆ? ನಾನೇ ಅಂತ ನನ್ನ ಹೆಂಡತಿ ಗುರುತು ಹಿಡಿದಳು. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಳು."

ಅಂದೇ ಆದೇಶ ಹೊರಟಿತು: ಪ್ರತಿ ಕಂತಿನಲ್ಲೂ ಕೋಣವು ಕಾಣಿಸಿಕೊಳ್ಳತಕ್ಕದ್ದು; ಕೊಂಬುಗಳು ಇನ್ನಷ್ಟು ಗಂಭೀರವಾಗಿರತಕ್ಕದ್ದು.

ಇತ್ತ ವೀಕ್ಷಕರು ಮೂಲ ಸಿನಿಮಾ ಎಲ್ಲಿ ಎಂದು ಕೇಳತೊಡಗಿದರು. ಕೆಲವರು ತಾವದನ್ನು ಚಿಕ್ಕಂದಿನಲ್ಲೇ ನೋಡಿದ್ದಾಗಿಯೂ, ಮೊದಲರ್ಧ ಸ್ವಲ್ಪ ಎಳೆದಂತಿತ್ತೆಂದೂ ಹೇಳಿದರು. ಬೇಡಿಕೆ ಕಂಡ ನಿರ್ಮಾಪಕನೊಬ್ಬ ವರ್ಷ ತುಂಬುವುದರೊಳಗೆ ಅದನ್ನು ತೆಗೆದೇಬಿಟ್ಟ. ನಗುವಿಗೆ ಎಳ್ಳಷ್ಟೂ ಜಾಗವಿಲ್ಲದೆ, ಪಿಟೀಲು ಸಮೇತ. ಬಾಗಿಲಲ್ಲಿ ಅತ್ತೆ ಕಾಲೊರೆಸು ಎಂದಾಗ ಥಿಯೇಟರಿಗೆ ಥಿಯೇಟರೇ ಬಿಕ್ಕಿತು. ರಣರಂಗದ ನಡುವೆ ಕುರ್ಚಿಯಲ್ಲಿ ಕೂತ ದಪ್ಪ ಮನುಷ್ಯನೂ ಇದ್ದ, ಇರೋ ಒಬ್ಬನನ್ನೇ ಹತ್ತು ಸಲ ತೋರಿಸಿ ಎಂದ. ವಿಮರ್ಶಕರು ಅವನಲ್ಲಿ ಯುದ್ಧದ ತತ್ತ್ವವನ್ನು ಕಂಡರು. ಆಮೇಲೆ ನಿರ್ಮಾಪಕ ದೂರು ಕೊಟ್ಟ. ತನ್ನ ಒಪ್ಪಿಗೆಯಿಲ್ಲದೆ ತನ್ನ ಚಿತ್ರವನ್ನು ವಾಹಿನಿ ಅಣಕಿಸಿದೆಯೆಂದು.

ಮುಖ್ಯಸ್ಥರ ಕೋಣೆಯಲ್ಲಿ ವಿಚಾರಣೆ ನಡೆಯಿತು.

"ಸರ್, ನಾವು ಅಣಕಿಸಿದಾಗ ಆ ಸಿನಿಮಾ ಇರಲೇ ಇಲ್ಲ," ಅಂದಳು ಬರಹಗಾರ್ತಿ.

ಕಾನೂನು ಅಧಿಕಾರಿ ಕನ್ನಡಕ ಒರೆಸಿಕೊಂಡರು. "ಅದು ಇನ್ನೂ ದೊಡ್ಡ ತಪ್ಪು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬಹುದು. ಮೂಗು ಸೊಟ್ಟ ಅನ್ನಬಾರದು."

"ಅತ್ತೆಯ ಮಾತು ನಮ್ಮಜ್ಜಿದು ಸರ್."

"ಅಜ್ಜಿ ಬಂದು ಹೇಳ್ತಾರಾ?"

"ತೀರಿಕೊಂಡು ಬಹಳ ದಿನ ಆಯ್ತು."

"ಹಾಗಾದ್ರೆ ಅವರ ಆಕ್ಷೇಪಣೆ ಇಲ್ಲ ಅಂತ ಬರ್ಕೊಳ್ತೀನಿ."

ಬರಹಗಾರ್ತಿ ಮುಖ್ಯಸ್ಥರ ಕಡೆ ತಿರುಗಿದಳು. "ಸರ್, ಆ ಕುರ್ಚಿಯವರು ನೀವೇ. ನಿಮ್ಮ ಬಾಯಿಂದ ಕೇಳಿ ನಾನು ಬರೆದ ಮಾತು ಅವರ ಸಿನಿಮಾದಲ್ಲಿದೆ. ಅವರೇ ನಮ್ಮದನ್ನ ಕದ್ದದ್ದು ಅನ್ನೋಕೆ ಇನ್ನೇನು ಬೇಕು?"

ಮುಖ್ಯಸ್ಥರು ಮೆಲ್ಲಗೆ ಎದ್ದು ನಿಂತರು. "ಸಿನಿಮಾದಲ್ಲೂ ನಾನಿದ್ದೀನಾ?"

"ಇದ್ದೀರಿ ಸರ್."

"ದೊಡ್ಡ ಪರದೆ ಮೇಲೆ." ಅವರು ಅಂಗಿಯ ಕಾಲರ್ ಸರಿಮಾಡಿಕೊಂಡರು. "ಅಂಥ ಚಿತ್ರದ ಮೇಲೆ ನಾವು ತಕರಾರು ಮಾಡೋದು ಶೋಭಿಸಲ್ಲಮ್ಮ."

ರಾಜಿಯಾಯಿತು. 'ಕತ್ತೆ ಸಂಸಾರ' ಮುಂದುವರಿಯಬಹುದು. ಆದರೆ ಅತ್ತೆಯ ಮಾತುಗಳನ್ನೆಲ್ಲ ತಾನು ಆ ಚಿತ್ರದಿಂದಲೇ ಕೇಳಿ ಬರೆದೆನೆಂದು ಬರಹಗಾರ್ತಿ ಸಹಿ ಹಾಕತಕ್ಕದ್ದು. ಆಕೆ ಪೆನ್ನು ಹಿಡಿದು ಗಾಜಿನಾಚೆ ನೋಡಿದಳು. ಚಿತ್ರಗಾರರು ಬೆನ್ನು ಬಾಗಿಸಿ ಒಂದೇ ಕತ್ತೆಯನ್ನು ಹತ್ತು ಕಡೆ ಅಂಟಿಸುತ್ತಿದ್ದರು. ಸಹಿ ಹಾಕದಿದ್ದರೆ ನಾಳೆಯಿಂದ ಅವರೆಲ್ಲ ಮನೆಯಲ್ಲಿ. ಅಪ್ಪ ಮತ್ತೆ ಗೋಡೆಯ ಮುಂದೆ. ಸಹಿ ಹಾಕಿದಳು.

ಆ ವಾರ ಹಳೆಯ ಕಂತು ಒಂದು ಪ್ರಕಟಣೆಯೊಂದಿಗೆ ಮರುಪ್ರಸಾರವಾಯಿತು: "ವೀಕ್ಷಕರ ಗಮನಕ್ಕೆ. ಈ ಕಂತು ಮುಂದೆ ಬರಲಿದ್ದ ಚಿತ್ರವೊಂದರ ಹಿಂದಿನ ನಕಲಾಗಿರುತ್ತದೆ. ಮೊದಲ ಪ್ರಸಾರದಲ್ಲಿ ನಕ್ಕವರು ದಯವಿಟ್ಟು ವಿಷಾದಿಸತಕ್ಕದ್ದು." ಹಲವರು ವಿಷಾದಿಸಿ ಪತ್ರ ಬರೆದರು.

ಭಾನುವಾರ ಬರಹಗಾರ್ತಿ ಅಪ್ಪನನ್ನು ಆ ಸಿನಿಮಾಕ್ಕೆ ಕರೆದುಕೊಂಡು ಹೋದಳು. ಅಪ್ಪ ನಗುತ್ತಾರೆಂದುಕೊಂಡಿದ್ದಳು. ಅವರು ಎಲ್ಲರ ಜೊತೆ ಬಿಕ್ಕಿದರು. ಮನೆಗೆ ಬರುವ ದಾರಿಯುದ್ದಕ್ಕೂ ಏನೋ ಲೆಕ್ಕ ಹಾಕುವವರಂತೆ ನಡೆದು, ಕೊನೆಗೆ ಬಾಯಿಬಿಟ್ಟರು.

"ನಿಮ್ಮಜ್ಜಿ ಯಾವ ಥಿಯೇಟರಲ್ಲಿ ನೋಡಿದ್ದರೋ ಈ ಸಿನಿಮಾನ. ನಮಗ್ಯಾರಿಗೂ ಒಂದು ಮಾತೂ ಹೇಳಿರಲಿಲ್ಲ ನೋಡು."

ಬರಹಗಾರ್ತಿ ಬಾಗಿಲಲ್ಲಿ ಕಾಲೊರೆಸಿಕೊಂಡಳು.

"ಒಬ್ಬಳೇ ಹೋಗಿ ಬಂದಿರಬೇಕಪ್ಪ," ಅಂದಳು.