ಮತ್ತೆ ಬೆಳೆಯುವ ಕಲ್ಲು

ಮಕ್ಕಳೇ, ಭಾಷೆ ಅರ್ಧ ಬರುವುದಕ್ಕಿಂತ ಪೂರ್ತಿ ಬಾರದಿರುವುದೇ ವಾಸಿ. ಪೂರ್ತಿ ಬಾರದವರು ಇನ್ನೊಬ್ಬರನ್ನು ಕೇಳುತ್ತಾರೆ. ನನ್ನಂಥವರು ಉಳಿದರ್ಧವನ್ನು ತಾವೇ ತುಂಬಿಕೊಂಡು ಅಳುತ್ತಾ ಕೂರುತ್ತಾರೆ. ಮದರಾಸಿಗೆ ಬಂದು ವರ್ಷಗಳೇ ಆಗಿದ್ದರೂ ನನ್ನ ತಮಿಳು ತರಕಾರಿ ಗಾಡಿಯ ಆಚೆಗೆ ಹೋಗಿರಲಿಲ್ಲ. ಜೊತೆಗೆ ನಾಚಿಕೆ ಬೇರೆ. ಹೊರಗಿನ ಗಂಡಸರು ಮಾತಾಡಿಸಿದರೆ ನೆಲ ನೋಡುವುದೇ ನನ್ನ ಉತ್ತರ.

ಎಂಬತ್ತನೇ ಇಸವಿಯ ಸುಮಾರಿಗೆ, ನಾವು ಅಣ್ಣಾ ನಗರದಲ್ಲಿದ್ದಾಗ, ನಿಮ್ಮ ತಾತನಿಗೆ ಬಿಡದ ಜ್ವರ, ಬಲಪಕ್ಕೆಯಲ್ಲಿ ನೋವು. ಹೊಟ್ಟೆಯೊಳಗೆ ಏನೋ ಕೆಟ್ಟಿದೆ, ಆಪರೇಷನ್ ಆಗಬೇಕು ಎಂದಷ್ಟೇ ನನಗೆ ಗೊತ್ತಿದ್ದದ್ದು. ಬದುಕಿ ಬಂದರೆ ಸಾಕು ಎಂದು ಆಸ್ಪತ್ರೆಯ ವರಾಂಡದಲ್ಲಿ ನಾನೂ ಅತ್ತೆಯೂ ಕೂತಿದ್ದೆವು. ಡಾಕ್ಟರು ಹೊರಗೆ ಬಂದು, ನಗುನಗುತ್ತಾ, "ಬಯಪ್ಪಡಾದೀಂಗಮ್ಮಾ. ಕಲ್ಲೀರಲ್ ತಿರುಂಬ ವಳರುಂ" ಎಂದು ಹೇಳಿ ಹೋದರು.

ತಿರುಂಬ ಎಂದರೆ ಮತ್ತೆ, ವಳರುಂ ಎಂದರೆ ಬೆಳೆಯುತ್ತದೆ. ಅಷ್ಟು ನನಗೆ ಬರುತ್ತಿತ್ತು. ಕಲ್ಲಂತೂ ಕಲ್ಲೇ. ತೆಗೆದ ಕಲ್ಲು ಮತ್ತೆ ಬೆಳೆಯುತ್ತದಂತೆ! ಅದನ್ನು ನಗುತ್ತಾ ಹೇಳುವ ಇವರೆಂಥ ಕಟುಕರು! ಸೆರಗು ಬಾಯಿಗೊತ್ತಿಕೊಂಡು ನಾನು ಅತ್ತುಬಿಟ್ಟೆ. "ಬಾಳೆದಿಂಡಿನ ರಸ ಕುಡಿಸೋಣ ಕಣೇ, ಎಂಥ ಕಲ್ಲಾದ್ರೂ ಕರಗುತ್ತೆ" ಎಂದು ಸಮಾಧಾನ ಹೇಳುತ್ತಾ ನಮ್ಮತ್ತೆಯೂ ಅತ್ತರು.

ಶಾಲೆಯಿಂದ ನೇರ ಅಲ್ಲಿಗೇ ಬಂದ ನಿಮ್ಮಮ್ಮ ಸುಧಾ ನಮ್ಮನ್ನು ನೋಡಿ ಬಿಳಿಚಿಕೊಂಡಳು. ಸಂಗತಿ ಕೇಳಿದ ಮೇಲೆ, "ಅಯ್ಯೋ ಅಮ್ಮಾ! ಕಲ್ಲೀರಲ್‌ನಾ ಲಿವರ್! ಕಲ್ಲುಂ ಇಲ್ಲೆ, ಮಣ್ಣುಂ ಇಲ್ಲೆ!" ಎಂದು ತಮಿಳಿನಲ್ಲೇ ನಕ್ಕಳು. ಲಿವರಿನ ಕೆಟ್ಟ ಭಾಗವನ್ನು ತೆಗೆದಿದ್ದರಂತೆ, ಮತ್ತೆ ಬೆಳೆಯುವುದು ಅದಂತೆ. ನಾನೇನು ಮಾಡಲಿ? ನಮ್ಮೂರ ಶಾಲೆಯ ಮೇಷ್ಟ್ರು ಸಂಕೋಚದ ಮನುಷ್ಯ, ಶರೀರದ ಪಾಠದಲ್ಲಿ ಕತ್ತಿನಿಂದ ಕೆಳಗೆ ಇಳಿದವರೇ ಅಲ್ಲ.

ಮರುದಿನ ಡಾಕ್ಟರು ನೋಡಲು ಬಂದಾಗ ಅತ್ತೆ ನನ್ನನ್ನು ತಿವಿದರು. "ಅವನ ಲಿವರಿಗಿರೋ ಬುದ್ಧಿ ನನ್ನ ಮಂಡಿಗೆ ಯಾಕಿಲ್ಲ, ಕೇಳೇ!" ನೆಲ ನೋಡುತ್ತಲೇ ಕೇಳಿದೆ. ಡಾಕ್ಟರು ಹೇಳಿದ್ದನ್ನು ಸುಧಾ ಕನ್ನಡ ಮಾಡಿದಳು. ಲಿವರಿಗೆ ರಕ್ತ ಧಾರಾಳ. ಅದರ ಜೀವಕೋಶಗಳು ಎಷ್ಟು ವಯಸ್ಸಾದರೂ ಒಂದು ಎರಡಾಗುವ ವಿದ್ಯೆಯನ್ನು ಮರೆಯುವುದಿಲ್ಲ. ಮಂಡಿಯೊಳಗಿನ ಮೆದು ಮೂಳೆಗೆ ರಕ್ತನಾಳವೇ ಇಲ್ಲ, ಜೀವಕೋಶಗಳೂ ಅಲ್ಲೊಂದು ಇಲ್ಲೊಂದು. ಹೃದಯದ ಸ್ನಾಯುವಂತೂ ಬಿಡುವಿಲ್ಲದ ದುಡಿಮೆಗೆ ಬಿದ್ದು ಆ ವಿದ್ಯೆಯನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದೆ. ಗಾಯವಾದರೆ ತೇಪೆ ಹಾಕಿಕೊಳ್ಳುತ್ತದೆ, ಅಷ್ಟೆ.

"ಓ, ನೀರಿನ ಲಾರಿ ಬಾರದ ಬೀದಿ ನನ್ನ ಮಂಡಿ" ಎಂದರು ಅತ್ತೆ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನನಗೋ ಲಿವರಿನ ಮೇಲೆ ಭಕ್ತಿಯೇ ಹುಟ್ಟಿತು. ಒಂದು ಭಾಗ ಹೋದರೂ ಯಾರನ್ನೂ ದೂರದೆ, ಉಳಿದದ್ದರಲ್ಲೇ ಮನೆಕೆಲಸ ತೂಗಿಸುತ್ತಾ, ಸದ್ದಿಲ್ಲದೆ ಮೈತುಂಬಿಕೊಳ್ಳುವ ಅಂಗ! ಅಂಥ ಸೊಸೆ ಸಿಕ್ಕಿದ್ದರೆ ನಮ್ಮತ್ತೆ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು.

ಸಂಜೆ ನಿಮ್ಮ ತಾತ ಕಣ್ಣುಬಿಟ್ಟು ನನ್ನನ್ನೇ ನೋಡಿದರು. "ಕಣ್ಣೇನು ಹಾಗೆ ಊದಿದೆ? ಅಳ್ತಿದ್ಯಾ?"

ಅತ್ತೆಯ ಎದುರಿಗೆ ಹೌದೆನ್ನಲು ನಾಚಿಕೆ. "ಇಲ್ಲ, ಈರುಳ್ಳಿ ಹೆಚ್ತಿದ್ದೆ" ಎಂದುಬಿಟ್ಟೆ.

ತಾತ ಹೊಲಿಗೆಯನ್ನು ಒತ್ತಿ ಹಿಡಿದುಕೊಂಡು ನಗತೊಡಗಿದರು. ಮಡಿಯ ನಮ್ಮತ್ತೆಯ ಅಡುಗೆಮನೆಗೆ ಈರುಳ್ಳಿ ಎಂದೂ ಕಾಲಿಟ್ಟಿರಲಿಲ್ಲ ಎಂಬುದು, ಸುಳ್ಳು ಬಾಯಿಂದ ಬಿದ್ದಮೇಲೆ ನನಗೆ ನೆನಪಾಯಿತು.