ಬೀರಣ್ಣನ ಬಾಣಂತನ

ಪಿತ್ತಕೋಶದ ಹರಳಿಗೆ ಆಪರೇಷನ್ ಆಗಬೇಕು ಎಂದಾಗ ಕರಜಗಿಯ ಬೀರಣ್ಣನಿಗೆ ಹೆದರಿಕೆಗಿಂತ ಖುಷಿಯೇ ಹೆಚ್ಚಾಯಿತು. ಆಪರೇಷನ್ ಎಂದರೆ ಒಂದು ತಿಂಗಳು ಹೊರಸಿನ ಮೇಲೆ ಮಲಗುವುದು, ನೋಡಲು ಬಂದವರು ತಂದ ಎಳನೀರು ಕುಡಿಯುವುದು, ಹೆಂಡತಿ ತುಳಜಾಬಾಯಿಯಿಂದ ಉಪಚಾರ ಮಾಡಿಸಿಕೊಳ್ಳುವುದು. ಪಕ್ಕದ ಮನೆಯ ಮುದುಕ ಹುಸೇನಪೀರ ಹಿಂದೆ ಹೊಟ್ಟೆ ಕೊಯ್ಸಿಕೊಂಡು ಬಾಣಂತಿಯಂತೆ ಮಲಗಿದ್ದ. ಆ ಸುಖದ ಮೇಲೆ ಬೀರಣ್ಣನಿಗೆ ಅಂದಿನಿಂದಲೂ ಕಣ್ಣು.

ಆದರೆ ಕಲಬುರಗಿಯ ಆಸ್ಪತ್ರೆಯವರು ಎಲ್ಲ ಕೆಡಿಸಿಬಿಟ್ಟರು. ದುರ್ಬೀನು ಹಾಕಿ ಸಣ್ಣ ತೂತುಗಳಲ್ಲೇ ಕೆಲಸ ಮುಗಿಸಿ, ಅಂದೇ ಸಂಜೆ ಎಬ್ಬಿಸಿ ನಡೆಸಿದರು. ಆಪರೇಷನ್ ಮಾಡಿದ ಡಾಕ್ಟರು, ಅರಿವಳಿಕೆ ಕೊಟ್ಟ ಡಾಕ್ಟರು, ಪಥ್ಯ ಹೇಳುವವರು, ನರ್ಸು ಪಂಚಶೀಲಾ ಎಲ್ಲರೂ ಮೊದಲೇ ಮಾತಾಡಿಕೊಂಡವರಂತೆ ಒಂದೇ ರಾಗ ಹಾಡಿದರು: "ಭಾರ ಎತ್ತಬ್ಯಾಡ್ರಿ, ಆದ್ರ ಮಲಗೂ ಬ್ಯಾಡ್ರಿ, ನಡೀರಿ." ಮರುದಿನವೇ ಮನೆಗೆ ಕಳಿಸಿದರು.

ಮನೆಗೆ ಬಂದ ಮಾರನೆಯ ಬೆಳಿಗ್ಗೆ ಹುಸೇನಪೀರ ಎಳನೀರು ಹಿಡಿದು ಬಂದ. "ಎಲ್ಲಿ, ತೋರ್ಸಪಾ ಹೊಲಿಗಿ."

ಬೀರಣ್ಣ ಅಂಗಿ ಎತ್ತಿದ. ಅಲ್ಲೊಂದು ಇಲ್ಲೊಂದು ಸಣ್ಣ ಪಟ್ಟಿ.

"ಇಷ್ಟs ಏನೋ? ಸೊಳ್ಳಿ ಕಡದಂಗ ಅದಲ್ಲೋ!" ಹುಸೇನಪೀರ ತನ್ನ ಅಂಗಿ ಎತ್ತಿ ಉದ್ದನೆಯ ಗಾಯದ ಗುರುತು ತೋರಿಸಿದ. "ಆಪರೇಷನ್ ಅಂದ್ರ ಇದು!"

ಎಳನೀರು ಹಿಂದಕ್ಕೆ ಸರಿದದ್ದನ್ನು ಬೀರಣ್ಣ ಕಂಡ. ಮಾನ ಹೋದಂತಾಯಿತು. "ಕಾಕಾ, ಮ್ಯಾಲ ಸಣ್ ತೂತು ಕಾಣ್ತದ. ಒಳಗ ಹೊಲ ಹರಗಿದಂಗ ಹರಗ್ಯಾರ! ಒಂದ್ ತಿಂಗ್ಳ ತಂಬಿಗಿ ಸೈತ ಎತ್ತಂಗಿಲ್ಲ."

ಮುದುಕ ಹೌಹಾರಿ ಎಳನೀರು ಕೆಳಗಿಟ್ಟ. ಅವನು ಹೋದದ್ದೇ ತಡ, ಬೀರಣ್ಣ ಹಳೆಯ ಧೋತರ ಹರಿದು ಹೊಟ್ಟೆಯ ಸುತ್ತ ದಪ್ಪಗೆ ಕಟ್ಟಿಕೊಂಡ. ಮಧ್ಯಾಹ್ನದ ಹೊತ್ತಿಗೆ, ತಿರುಗಿ ಬಂದ ಹುಸೇನಪೀರನೂ ಸೇರಿ, ಓಣಿಯೆಲ್ಲ ನೆರೆದು ಲೊಚಗುಟ್ಟುತ್ತಿತ್ತು. ಬಂದವರು ಹೊರಸಿನ ಮೇಲೇ ಕುಳಿತದ್ದರಿಂದ ರೋಗಿ ಮೂಲೆಗೆ ಮುದುಡಿಕೊಂಡ.

ಅಷ್ಟರಲ್ಲಿ ಪಂಚಶೀಲಾ ಫೋನು ಮಾಡಿದಳು. "ಅಣ್ಣಾರು ನಡದಾಡಾಕತ್ತಾರೇನ್ರಿ ಅಕ್ಕಾ?"

ಬೀರಣ್ಣ ಗಟ್ಟಿಯಾಗಿ ನರಳಿದ. ತುಳಜಾಬಾಯಿ ಫೋನು ಇಟ್ಟು, ಬಲಪಕ್ಕೆಗೆ ಕೈಯೊತ್ತಿಕೊಂಡು ಹುಸೇನಪೀರನ ಎದುರಿಗೇ ಕೇಳಿದಳು. "ಖರೇ ಹೇಳ್ರಿ, ತಿಂಗ್ಳ ಮಲಗಾಕs ಬೇಕೇನು?"

"ಮಲಗಾಕs ಬೇಕು ಬೇ! ಇಲ್ಲಂದ್ರ ಜೀವಕ್ಕs ಅಪಾಯ. ಹೌದಿಲ್ರಿ ಕಾಕಾ?"

"ಹೌದವ್ವಾ," ಎಂದ ಹುಸೇನಪೀರ.

ಅವಳು ಹೊರಸಿನ ತುದಿಗೆ ಕುಳಿತಳು. "ನನಗೂ ಬಲಗಡಿ ನೋಯ್ತದಂತ ಆಸ್ಪತ್ರ್ಯಾಗ ಸ್ಕ್ಯಾನ್ ಮಾಡ್ಸಿದ್ದೆ. ಹರಳ ಅದಾವಂತ, ಇದೇ ಆಪರೇಷನ್. ಮರುದಿನಾನs ಓಡಾಡ್ತೀರಿ ಅಂದಿದ್ರು. ನೀವು ಹೇಳೂದು ಕೇಳಿದ್ರ ನನಗೂ ತಿಂಗ್ಳ ಮಲಗೂದs ಬಂತು. ಅಲ್ಲೀತನ ರೊಟ್ಟಿ ನೀವs ಬಡೀಬೇಕು."

ಇಷ್ಟು ದಿನ ನೋವು ನುಂಗಿಕೊಂಡಿದ್ದಳಲ್ಲ ಎಂದು ಬೀರಣ್ಣನ ಕರುಳು ಚುರುಕ್ ಎಂದಿತು. ರೊಟ್ಟಿಯ ಮಾತು ಆಮೇಲೆ ಅರ್ಥವಾಯಿತು. ದಡಕ್ಕನೆ ಎದ್ದು ಹೊಟ್ಟೆಗೆ ಕಟ್ಟಿದ್ದ ಧೋತರದ ಪಟ್ಟಿ ಬಿಚ್ಚಿ ಎಸೆದು ಅಂಗಳದ ತುಂಬ ನಡೆದಾಡಿದ. "ಏನೂ ಆಗಂಗಿಲ್ಲ ತುಳಜಾ! ನೋಡಿಲ್ಲಿ, ಕುದುರಿ ಆಗೇನಿ!"

ಓಣಿಯವರು ಬಾಯಿ ತೆರೆದು ನೋಡಿದರು. ತುಳಜಾಬಾಯಿಯ ಮುಖದ ಮೇಲಿನ ಹೆದರಿಕೆ ಇಳಿದು ನಗು ಬಂತು.

"ಹಂಗಾದ್ರ ಛಲೋ ಆತು. ಕುದುರಿ ಒಳಗ ಹೋಗಿ ಎಲ್ಲಾರಿಗೂ ಚಹಾ ಮಾಡ್ಲಿ."

ಬೀರಣ್ಣ ಒಲೆಯ ಮೇಲೆ ನೀರಿಟ್ಟು ಬಾಗಿಲಿಂದ ಹಣಕಿದ. ಹೊರಸು ಖಾಲಿಯಿರಲಿಲ್ಲ. ತುಳಜಾಬಾಯಿ ಕಾಲು ಚಾಚಿ ಒರಗಿಕೊಂಡಿದ್ದಳು. ಹುಸೇನಪೀರ ಎಳನೀರು ಕೆತ್ತಿ ಅವಳ ಕೈಗೆ ಕೊಡುತ್ತಿದ್ದ.